ತೀರ್ಥರೂಪ ಸಮಾನರಾದ ನಲ್ಲಿ ಪೈಪಿನವರಿಗೆ

ಚಿತ್ರದುರ್ಗದ ಒಂದು ಬಡಾವಣೆಯ ಕಟ್ಟಕಡೆಯ ಅಡ್ಡರಸ್ತೆಯಲ್ಲಿ, ಅದರಲ್ಲೂ ಏರಿನ ಮೇಲೆ ಮನೆ ಮಾಡಿಕೊಂಡಿರುವ ನಿವೃತ್ತ ಮೇಷ್ಟರು ತಮ್ಮ ಪಾದಗಳಿಗೆ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ. ತಮ್ಮ ದಯೆಯಿಂದ, ಅಂದರೆ ಕಳೆದ ಬುಧವಾರ ನಡುರಾತ್ರಿ ತಾವು ದಯಪಾಲಿಸಿದ ಹದಿನೇಳು ಬಿಂದಿಗೆ ನೀರಿನಿಂದ, ನಾವೆಲ್ಲರೂ ಇಲ್ಲಿ ಕ್ಷೇಮವಾಗಿದ್ದೇವೆ. ತಮ್ಮ ಕ್ಷೇಮ ಕೇಳಬೇಕಾದ್ದೇ ಇಲ್ಲ. ಬಚ್ಚಲ ಗೋಡೆಯ ಎಲ್ಬೋ ಹತ್ತಿರ ಅದು ಕಾಣುತ್ತಲೇ ಇದೆ.

ಹಿರಿಯರಿಗೆ ಕಾಗದ ಬರೆಯುವಾಗ ‘ತೀರ್ಥರೂಪ’ ಎಂದು ಶುರುಮಾಡಬೇಕೆಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟವನು ನಾನು. ಆ ಮಾತಿನ ಅರ್ಥ ಆದದ್ದು ಮಾತ್ರ ತಮ್ಮ ಸಹವಾಸದಲ್ಲಿ. ದೇವಸ್ಥಾನದಲ್ಲಿ ತೀರ್ಥ ಕೊಡುವುದು ಉದ್ಧರಣೆಯಲ್ಲಿ, ಅಂಗೈ ಒದ್ದೆಯಾಗುವಷ್ಟು. ಇನ್ನೊಂದಿಷ್ಟು ಹಾಕಿ ಎಂದು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ತಮ್ಮ ಮುಂದೆಯೂ ನಾವು ಹಾಗೆಯೇ ನಿಂತಿರುತ್ತೇವೆ.

ಇನ್ನು ‘ಸಾಷ್ಟಾಂಗ’ ಎಂದದ್ದು. ಇದೂ ಬರಿಯ ಪತ್ರದ ಮರ್ಯಾದೆಯಲ್ಲ. ನೆಲದಿಂದ ಎರಡಡಿ ಮೇಲೆದ್ದು ಬಂದು ನೀರು ಸುರಿಸುವುದು ತಮ್ಮ ಅಂತಸ್ತಿಗೆ ಕಡಿಮೆ ಎಂಬುದನ್ನು ಅರಿತು, ನಾವೇ ಗೇಟಿನ ಪಕ್ಕದಲ್ಲಿ ಮೂರಡಿ ಗುಂಡಿ ತೋಡಿ, ನಲ್ಲಿಯನ್ನು ಅದರೊಳಕ್ಕೆ ಇಳಿಸಿದ್ದೇವೆ. ನಮ್ಮ ರಸ್ತೆಯಲ್ಲಿ ಮನೆಮನೆಗೂ ಇಂಥದೊಂದು ಗುಂಡಿ, ಅದರ ಮೇಲೊಂದು ಕಡಪ ಕಲ್ಲು. ಅದರಲ್ಲಿ ಬಿಂದಿಗೆ ಇಟ್ಟು ತೆಗೆಯಬೇಕಾದರೆ ಹೊಟ್ಟೆ ಅಡಿಯಾಗಿ ಮಲಗಬೇಕು. ಎದೆ, ಹಣೆ, ಮೊಣಕಾಲು, ಅಂಗೈ ಎಲ್ಲವೂ ನೆಲ ಮುಟ್ಟುತ್ತವೆ. ಅರವತ್ತಾರು ತುಂಬಿದ ನಾನು ಯಾವ ದೇವರ ಮುಂದೂ ಇಷ್ಟು ಪೂರ್ತಿಯಾಗಿ ಬಿದ್ದವನಲ್ಲ. ಕೀಲು ನೋವಿಗೆ ಔಷಧ ಕೊಡುವ ಡಾಕ್ಟರು, ‘ನೆಲದ ಮೇಲೆ ಕೂರಬೇಡಿ ಸಾರ್’ ಎಂದರು. ಕೂರುವುದಿಲ್ಲ, ಮಲಗುತ್ತೇನೆ ಎಂದೆ.

ತಾವು ಬರುವ ಹೊತ್ತನ್ನು ನೀರುಗಂಟಿಯೂ ಬಲ್ಲವನಲ್ಲ. ಆತ ವಾಲ್ವು ತಿರುಗಿಸುತ್ತಾನೆ ಅಷ್ಟೇ. ಆಮೇಲೆ ತಗ್ಗಿನ ಮನೆಗಳ ಸಂಪುಗಳೆಲ್ಲ ತುಂಬಿ, ಅವರ ಅಂಗಳದ ಕ್ರೋಟನ್ ಗಿಡಗಳಿಗೆ ತೃಪ್ತಿಯಾಗಿ, ಒಬ್ಬರ ಕಾರು ತೊಳೆದು ಮುಗಿದ ಮೇಲೆ ತಾವು ಏರು ಹತ್ತಬೇಕು. ಪಂಚಾಂಗದಲ್ಲಿ ನೀರು ತುಂಬುವ ಹಬ್ಬ ವರ್ಷಕ್ಕೆ ಒಂದೇ ಸಲ, ದೀಪಾವಳಿಯ ಹಿಂದಿನ ರಾತ್ರಿ. ಹಂಡೆ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಗಂಗೆಯನ್ನು ಪೂಜಿಸಿ ತುಂಬುವುದು. ತಾವು ಉದಾರಿಗಳು. ನಮಗೆ ಎಂಟು ದಿನಕ್ಕೊಂದು ಸಲ ಆ ಹಬ್ಬವನ್ನು ಮಾಡಿಸುತ್ತೀರಿ. ಜಾಗರಣೆಯೂ ಅದರಲ್ಲೇ ಸೇರಿಹೋಗುತ್ತದೆ, ಶಿವರಾತ್ರಿಗೆ ಬೇರೆ ಎಚ್ಚರ ಇರಬೇಕಾಗಿಲ್ಲ. ಈ ಕಾಗದವನ್ನೂ ರಾತ್ರಿ ಒಂದೂವರೆಯ ಹೊತ್ತಿನಲ್ಲಿ, ಮಂಕಿಟೋಪಿ ಹಾಕಿಕೊಂಡು, ಗುಂಡಿಯ ಪಕ್ಕದ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಜೋಗಿಮಟ್ಟಿ ಕಡೆಯಿಂದ ಬೀಸುವ ಧನುರ್ಮಾಸದ ಗಾಳಿ ಕಿವಿ ಕಚ್ಚುತ್ತಿದೆ. ಬೆಟ್ಟದ ಮೇಲಿನ ಗಾಳಿಯಂತ್ರಗಳಿಗಾದರೂ ಇದರಿಂದ ಉಪಯೋಗವಿದೆ.

ತಮ್ಮ ವಂಶವನ್ನು ನಾನು ಮೂರು ತಲೆಮಾರಿನಿಂದ ಬಲ್ಲೆ. ನಮ್ಮಪ್ಪ ಹಳೇ ಮನೆಗೆ ನಲ್ಲಿ ಹಾಕಿಸಿದಾಗ ಬಂದವರು ತಮ್ಮ ಅಜ್ಜ, ಜಿಐ ಪೈಪು. ಅಮ್ಮ ಅವರಿಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು ಮನೆ ತುಂಬಿಸಿಕೊಂಡಿದ್ದರು. ಗಟ್ಟಿ ಮನುಷ್ಯ. ಗೋಡೆ ಬಿದ್ದರೂ ಅವರು ಬೀಳಲಿಲ್ಲ. ಆದರೆ ಹೊರಗೆ ನೋಡಲು ನೆಟ್ಟಗಿದ್ದವರು ಒಳಗೆ ಏನೇನು ತುಂಬಿಕೊಂಡಿದ್ದರೆಂಬುದು ಗೊತ್ತಾದದ್ದು ಅವರನ್ನು ಕೊಯ್ದ ದಿನ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಕಾದಾಗ, ನಿಂತಾಗ, ಆರಿದಾಗ ಅದರಲ್ಲಿ ಕರಗಿದ ಸುಣ್ಣ ಬಿಳಿ ಪೊರೆಯಾಗಿ ಅಂಟಿಕೊಳ್ಳುತ್ತದೆ, ಅದರ ಮೇಲೆ ತುಕ್ಕು, ತುಕ್ಕಿನ ಮೇಲೆ ಮತ್ತೆ ಸುಣ್ಣ. ಒಂದಿಂಚಿನ ಪೈಪಿನೊಳಗೆ ಪೆನ್ಸಿಲು ತೂರುವಷ್ಟು ದಾರಿ ಉಳಿದಿತ್ತು. ಅಷ್ಟು ವರ್ಷ ನಾವು ಮೋಟರಿನ ಶಕ್ತಿ ಸಾಲದೆಂದುಕೊಂಡು ಅರ್ಧ ಎಚ್‌ಪಿಯಿಂದ ಒಂದು ಎಚ್‌ಪಿಗೆ ಹೋಗಿದ್ದೆವು. ನೀರಿಳಿಯದ ಗಂಟಲಲ್ಲಿ ಕಡುಬು ತುರುಕಿದ ಹಾಗೆ. ಇದೇ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡೂ ಇದೆ, ಜಿಲ್ಲೆಯ ಎಷ್ಟೋ ಹಳ್ಳಿಗಳ ಮಕ್ಕಳ ಹಲ್ಲಿನ ಮೇಲೆ ಅದರ ಕಂದು ಗೆರೆ ಕಾಣುತ್ತದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು ಎಂದು ನಿಯಮ. ಅದನ್ನು ತಮಗೆ ಓದಿ ಹೇಳುವವರು ಯಾರು? ಹಾಗಾಗಿ ತಮ್ಮ ಮನೆಯಲ್ಲೇ ಇದ್ದುಕೊಂಡು ಕುಡಿಯುವ ನೀರಿಗೆ ಮಾತ್ರ ನಾವು ಸ್ಕೂಟರಿನ ಮೇಲೆ ಕ್ಯಾನು ಇಟ್ಟುಕೊಂಡು ಶುದ್ಧ ನೀರಿನ ಘಟಕದ ಮುಂದೆ ನಾಣ್ಯ ಹಿಡಿದು ನಿಲ್ಲುತ್ತೇವೆ. ಇದರಿಂದ ತಮಗೆ ಅವಮಾನವಾಗಿದ್ದರೆ ಕ್ಷಮೆ ಇರಲಿ.

ಈಗ ತಮ್ಮ ವಿಷಯ. ತಾವು ಪಿವಿಸಿ. ಹಗುರ, ತುಕ್ಕಿಲ್ಲ, ಅಗ್ಗ. ತಮ್ಮನ್ನು ಮಾಳಿಗೆಯ ಮೇಲೆ ಟ್ಯಾಂಕಿನಿಂದ ಬಚ್ಚಲವರೆಗೆ ಬಿಸಿಲಿಗೆ ಮೈಯೊಡ್ಡಿ ಮಲಗಿಸಿದ್ದು ನಮ್ಮ ತಪ್ಪೆಂದು ಆಮೇಲೆ ತಿಳಿಯಿತು. ತಾವು ಸುಕುಮಾರ ದೇಹದವರು. ಹತ್ತು ಮೀಟರ್ ಉದ್ದದ ತಾವು ಹತ್ತು ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು ಏಳು ಮಿಲಿಮೀಟರ್ ಉದ್ದವಾಗುತ್ತೀರಿ. ದುರ್ಗದ ಏಪ್ರಿಲ್ ತಿಂಗಳಲ್ಲಿ ಬೆಳಗಿನ ಜಾವಕ್ಕೂ ನಡುಮಧ್ಯಾಹ್ನಕ್ಕೂ ಮಾಳಿಗೆಯ ಮೇಲೆ ಇರುವ ಅಂತರ ಹತ್ತು ಡಿಗ್ರಿಯಲ್ಲ. ದಿನಾ ಬೆಳಿಗ್ಗೆ ಮುದುಡಿ, ಮಧ್ಯಾಹ್ನ ಮೈಮುರಿದು, ಕೊನೆಗೆ ಒಂದು ದಿನ ಎಲ್ಬೋ ಬಾಯಿಬಿಡುತ್ತದೆ. ಅದರ ಮೇಲೆ ಬಿಸಿಲಿನ ಅತಿನೇರಳೆ ಕಿರಣ ತಮ್ಮ ಮೈಯನ್ನು ಹಪ್ಪಳದಂತೆ ಬಿರುಸು ಮಾಡುತ್ತದೆ. ಹೊಸದರಲ್ಲಿ ಬಾಗಿದರೂ ಮುರಿಯದವರು, ನಾಲ್ಕು ಬೇಸಿಗೆ ಕಳೆದ ಮೇಲೆ ಒಂದು ಕೋತಿ ಹಾರಿದರೆ ಎರಡು ತುಂಡು. ಇದರಲ್ಲಿ ಕೋತಿಯದೇನೂ ತಪ್ಪಿಲ್ಲ, ಅದು ಕೋಟೆಯ ಮೂಲನಿವಾಸಿ.

ತಿಳಿದವರು ಹೇಳಿದಂತೆ ನಾನು ತಮಗೆ ಬಿಳಿ ಬಣ್ಣ ಬಳಿದೆ. ಅದರ ಮೇಲೆ ಗೋಣಿಚೀಲ ಸುತ್ತಿ ಸುತಳಿ ಕಟ್ಟಿದೆ. ಎದುರು ಮನೆಯ ಹುಡುಗ, ‘ಅಂಕಲ್, ನಿಮ್ ಪೈಪಿಗೆ ಚಳಿನಾ?’ ಎಂದ.

ಆ ಮಾತಿನಿಂದ ಒಂದು ಸಂಗತಿ ನೆನಪಾಯಿತು. ತಮ್ಮ ದಾಯಾದಿಗಳಿಗೆ ನಿಜವಾಗಿಯೂ ಚಳಿಯಾದ ಕತೆ ಅದು. ಬಿನ್ನವಿಸಿಕೊಳ್ಳುತ್ತೇನೆ, ಆಲಿಸಬೇಕು.

ನಮ್ಮ ಮಗಳು ಅಳಿಯ ಇರುವುದು ಅಮೆರಿಕದ ಟೆಕ್ಸಾಸ್‌ನಲ್ಲಿ, ಡಲ್ಲಾಸ್ ಹತ್ತಿರ. ಬೇಸಿಗೆಯಲ್ಲಿ ಅದು ನಮ್ಮನ್ನು ಮೀರಿಸುವ ಬಿಸಿಲಿನ ಊರು. ಬಿಸಿಲಿಗೆಂದೇ ಕಟ್ಟಿದ ಮನೆಗಳು. ನೀರಿನ ಪೈಪುಗಳನ್ನು ಎಷ್ಟೋ ಮನೆಗಳಲ್ಲಿ ಸೂರಿನಡಿಯ ಅಟ್ಟದ ಮೇಲೆ ಎಳೆದಿರುತ್ತಾರಂತೆ. 2021ರ ಫೆಬ್ರವರಿಯಲ್ಲಿ ಅಲ್ಲಿಗೆ ಕಂಡು ಕೇಳದ ಚಳಿ ನುಗ್ಗಿತು. 16ನೇ ತಾರೀಖಿನ ಬೆಳಿಗ್ಗೆ ಡಲ್ಲಾಸಿನಲ್ಲಿ ಸೊನ್ನೆಗಿಂತ ಸುಮಾರು 19 ಡಿಗ್ರಿ ಕೆಳಗೆ. ಲಕ್ಷಗಟ್ಟಲೆ ಮನೆಗಳಿಗೆ ಕರೆಂಟು ಹೋಯಿತು. ಕರೆಂಟಿಲ್ಲದೆ ಮನೆ ಆರಿತು, ಮನೆ ಆರಿದ್ದರಿಂದ ಪೈಪಿನೊಳಗಿನ ನೀರು ಕಲ್ಲಾಯಿತು.

ಅದಕ್ಕೆ ಎರಡು ದಿನ ಮೊದಲು ಮಗಳು ಫೋನಿನಲ್ಲಿ, ‘ಅಪ್ಪ, ರಾತ್ರಿಯೆಲ್ಲಾ ನಲ್ಲಿ ಸಣ್ಣಗೆ ಬಿಟ್ಟು ಮಲಗಬೇಕಂತೆ’ ಎಂದಳು. ಸ್ಪೀಕರಿನಲ್ಲಿ ಕೇಳಿಸಿಕೊಳ್ಳುತ್ತಿದ್ದ ನನ್ನಾಕೆ ಒಲೆಯ ಮುಂದಿನಿಂದ ಓಡಿ ಬಂದಳು. ‘ಏನೇ, ಬುದ್ಧಿ ನೆಟ್ಟಗಿದೆಯೇನೇ ನಿಂಗೆ? ನಲ್ಲಿ ಬಿಟ್ಟು ಯಾರಾದ್ರೂ ಮಲಗ್ತಾರಾ? ಮೊದ್ಲು ಎದ್ದು ನಿಲ್ಸು!’ ದುರ್ಗದ ಹೆಂಗಸಿಗೆ ಹೊತ್ತಿರುವ ಒಲೆ ಬಿಟ್ಟು ಮಲಗುವುದಕ್ಕಿಂತ ಹರಿಯುವ ನಲ್ಲಿ ಬಿಟ್ಟು ಮಲಗುವುದು ದೊಡ್ಡ ಅಪರಾಧ. ಅವಳನ್ನು ಸಮಾಧಾನ ಮಾಡಲು ಅಳಿಯ ಅರ್ಧ ಗಂಟೆ ಪಾಠ ಮಾಡಬೇಕಾಯಿತು.

ಆ ಪಾಠ ನನಗೂ ಹೊಸದು. ನೀರು ಹೆಪ್ಪುಗಟ್ಟಿದರೆ ನೂರು ಲೋಟದ್ದು ನೂರೊಂಬತ್ತು ಲೋಟದ ಜಾಗ ಕೇಳುತ್ತದೆ. ಅಷ್ಟಕ್ಕೇ ಪೈಪು ಒಡೆಯುವುದೆಂದು ನಾನು ತಿಳಿದಿದ್ದೆ. ಹಾಗಲ್ಲವಂತೆ. ಮಂಜು ಬೆಳೆಯುತ್ತಾ ಹೋಗಿ, ಅದಕ್ಕೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರಿಗೆ ಹೋಗಲು ದಾರಿಯಿಲ್ಲದೆ ಒತ್ತಡ ಏರುತ್ತದೆ. ಒಡೆಯುವುದು ಮಂಜು ಕಟ್ಟಿದಲ್ಲಿಯೇ ಆಗಬೇಕೆಂದಿಲ್ಲ, ಎಲ್ಲಿ ಪೈಪು ದುರ್ಬಲವೋ ಅಲ್ಲಿ. ನಲ್ಲಿ ಸಣ್ಣಗೆ ಬಿಟ್ಟಿದ್ದರೆ ಆ ಒತ್ತಡ ಹನಿಹನಿಯಾಗಿ ಇಳಿದುಹೋಗುತ್ತದೆ. ಇದಲ್ಲದೆ ಪೈಪಿಗೆ ಸ್ಪಂಜಿನ ತೋಳು ತೊಡಿಸಬೇಕು, ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿಟ್ಟು ಮನೆಯ ಬಿಸಿ ಗಾಳಿ ಪೈಪಿಗೆ ತಾಗುವಂತೆ ಮಾಡಬೇಕು. ಕಟ್ಟಿಕೊಂಡರೆ ನಲ್ಲಿ ತೆರೆದಿಟ್ಟು, ನಲ್ಲಿಯ ಕಡೆಯಿಂದ ಶುರುಮಾಡಿ ಹಿಂದಕ್ಕೆ ಹೋಗುತ್ತಾ ಕೂದಲು ಒಣಗಿಸುವ ಡ್ರೈಯರಿನಿಂದ ಮೆಲ್ಲಗೆ ಕಾಯಿಸಬೇಕು. ಬೆಂಕಿ ಮಾತ್ರ ಹಿಡಿಯಬಾರದು. ಬಾಣಂತಿಗೂ ನಾವು ಇಷ್ಟು ಉಪಚಾರ ಮಾಡುವುದಿಲ್ಲ ಎಂದಳು ನನ್ನಾಕೆ.

ಇಷ್ಟು ಮಾಡಿಯೂ ಕರೆಂಟು ಹೋದ ಮೇಲೆ ಅವರ ಅಟ್ಟದ ಪೈಪು ಒಡೆಯಿತು. ಒಡೆದದ್ದು ಆಗ ಗೊತ್ತಾಗಲಿಲ್ಲ, ಮಂಜೇ ಬಿರಡೆಯಾಗಿತ್ತು. ಗೊತ್ತಾದದ್ದು ಬಿಸಿಲು ಬಂದು ಕರಗಿದ ಮೇಲೆ, ಸೂರಿನ ಹಲಗೆ ನೆನೆದು ಊಟದ ಮೇಜಿನ ಮೇಲೆ ಬಿದ್ದಾಗ. ಅಳಿಯ ಹೊರಗೋಡಿ, ರಸ್ತೆ ಬದಿಯಲ್ಲಿ ಹಿಮದಡಿ ಹೂತಿದ್ದ ಮುಖ್ಯ ವಾಲ್ವಿನ ಪೆಟ್ಟಿಗೆಯನ್ನು ಬಗೆದು ಹುಡುಕಿದನಂತೆ. ಆ ವಾಲ್ವು ಎಲ್ಲಿದೆಯೆಂದು ಮನೆ ಕೊಂಡ ದಿನವೇ ನೋಡಿಟ್ಟುಕೊಳ್ಳಬೇಕಿತ್ತು ಎಂದು ಈಗಲೂ ಹಳಹಳಿಸುತ್ತಾನೆ. ಎಲ್ಲ ಕೇಳಿ ನನ್ನಾಕೆ ನಿಟ್ಟುಸಿರಿಟ್ಟು, ‘ನಮ್ಮ ಪೈಪಿಗೆ ಆ ಭಯ ಇಲ್ಲ ಬಿಡಿ. ಒಳಗೆ ನೀರಿದ್ರೆ ತಾನೆ?’ ಎಂದಳು.

ಪೂಜ್ಯರೇ, ಆಕೆ ಆಡಿದ್ದು ತಮಾಷೆಗೆ. ಆದರೆ ತಮ್ಮ ಅಷ್ಟೂ ಕಾಯಿಲೆಯ ಮೂಲ ಅದೇ ಎಂದು ನನಗೆ ಆಮೇಲೆ ಹೊಳೆಯಿತು. ಅವರ ಪೈಪು ಒಳಗೆ ನೀರು ತುಂಬಿ ನಿಂತದ್ದಕ್ಕೆ ಒಡೆಯಿತು. ತಾವು ಒಳಗೇನೂ ಇಲ್ಲದೆ ಒಡೆಯುತ್ತೀರಿ. ನೀರು ತುಂಬಿದ ಪೈಪು ಬಿಸಿಲಿನಲ್ಲಿ ಇಷ್ಟು ಬೇಗ ಕಾಯುವುದಿಲ್ಲ, ಬರಿದಾದದ್ದು ಬಾಣಲೆಯಾಗುತ್ತದೆ. ಎಂಟು ದಿನ ಒಣಗಿ ಕೂತ ವಾಷರು ಸುಕ್ಕಾಗುತ್ತದೆ, ಥ್ರೆಡ್ಡಿಗೆ ಸುತ್ತಿದ ಟೇಪು ಸಡಿಲವಾಗುತ್ತದೆ. ಎಂಟನೆಯ ರಾತ್ರಿ ನೀರು ಬಂದಾಗ ಮುಂದೆ ಓಡುವುದು ಗಾಳಿ. ನಲ್ಲಿ ಹಾವಿನಂತೆ ಬುಸುಗುಟ್ಟುತ್ತದೆ, ಗಾಳಿಗೇ ಮೀಟರಿನ ಮುಳ್ಳು ಗಿರಗಿರನೆ ತಿರುಗುತ್ತದೆ, ಹಿಂದಿನಿಂದ ಬಂದ ನೀರು ತಿರುವಿನಲ್ಲಿ ಢಣ್ ಎಂದು ಹೊಡೆದು ಗೋಡೆಯನ್ನೇ ಅದುರಿಸುತ್ತದೆ. ನಾವು ಆ ಗಾಳಿಗೂ ಬಿಲ್ಲು ಕಟ್ಟಿದ್ದೇವೆ. ದುರ್ಗದ ಗಾಳಿ ಪ್ರಸಿದ್ಧವಾದದ್ದು, ಬೆಲೆ ಇರಬೇಕಾದದ್ದೇ.

ತಮಗೆ ಚಿಕಿತ್ಸೆ ಮಾಡಲು ಬರುವ ಪ್ಲಂಬರ್ ಹುಡುಗ ತಮ್ಮ ಪರಮ ಭಕ್ತ. ಅವನ ಚೀಲದಲ್ಲಿ ಹ್ಯಾಕ್ಸಾ ಬ್ಲೇಡು, ಪೈಪು ಪಾನಾ, ಟೇಪು, ನಾಲ್ಕು ಎಲ್ಬೋ, ಎರಡು ಟೀ, ಸಲ್ಯೂಷನ್ ಡಬ್ಬಿ. ಬಂದ ಕೂಡಲೇ ತಮ್ಮ ಮೈ ತಟ್ಟಿ, ‘ಸಾರ್, ಇದು ಪೈಪಿನ ತಪ್ಪಲ್ಲ, ಹಿಂದೆ ಕೆಲಸ ಮಾಡಿದೋರ್ದು’ ಎನ್ನುತ್ತಾನೆ. ಹಿಂದೆ ಕೆಲಸ ಮಾಡಿದವನೂ ಇವನೇ. ಸಲ್ಯೂಷನ್ ಹಿಡಿಯಬೇಕಾದರೆ ಪೈಪು ಒಳಗೂ ಹೊರಗೂ ಒಣಗಿರಬೇಕು, ತುದಿಯನ್ನು ನೆಟ್ಟಗೆ ಕೊಯ್ದು ಸಿಬಿರು ಉಜ್ಜಿ ತೆಗೆದಿರಬೇಕು, ಜೋಡಿಸುವಾಗ ಕಾಲು ಸುತ್ತು ತಿರುಗಿಸಿ ಒತ್ತಿ ಹಿಡಿಯಬೇಕು, ಆಮೇಲೆ ಕೆಲವು ಗಂಟೆ ನೀರು ಬಿಡಬಾರದು. ಒಣಗಿರುವ ವಿಷಯದಲ್ಲಿ ತಾವು ಯಾವತ್ತೂ ಸಹಕರಿಸಿದ್ದೀರಿ. ಆದರೆ ಕೊನೆಯ ಮಾತನ್ನು ಮಾತ್ರ ತಾವು ನಡೆಸಿಕೊಟ್ಟವರಲ್ಲ. ಎಂಟು ದಿನ ನಾಪತ್ತೆಯಾಗಿದ್ದ ನೀರು, ಸಲ್ಯೂಷನ್ ಹಚ್ಚಿ ಹುಡುಗ ಬೈಕು ಏರಿ ಬೀದಿ ತಿರುಗುವಷ್ಟರಲ್ಲಿ ಬಂದೇ ಬರುತ್ತದೆ. ಈ ಸಂಗತಿಯನ್ನು ನಾನು ಐದು ಸಲ ಗಮನಿಸಿದ್ದೇನೆ. ನೀರು ಬೇಕಾದವರು ಯಜ್ಞ, ಕತ್ತೆ ಮದುವೆ ಎಲ್ಲ ಬಿಟ್ಟು ಎಲ್ಬೋಗೆ ಸಲ್ಯೂಷನ್ ಹಚ್ಚಿಸಬಹುದು. ಅದು ಕಿತ್ತು ಬಂದಾಗ ಸೈಕಲ್ ಟ್ಯೂಬನ್ನು ಉದ್ದಕ್ಕೆ ಕೊಯ್ದು, ಎಳೆದೆಳೆದು ಸುತ್ತಿ, ಮೇಲೆ ತಂತಿ ಬಿಗಿಯುತ್ತೇನೆ. ಇದು ನಮ್ಮಪ್ಪ ಕಲಿಸಿದ ವಿದ್ಯೆ. ಈಗಿನ ಟ್ಯೂಬುಗಳಲ್ಲಿ ಆ ಹಳೆಯ ಎಳೆತ ಇಲ್ಲ.

ಹೊಸದುರ್ಗದ ತೋಟದಲ್ಲಿರುವ ನನ್ನ ಭಾಮೈದನಿಗೂ ತಮ್ಮ ಕುಲದವರ ಮೇಲೆ ಒಂದು ದೂರಿದೆ. ತೆಂಗಿನ ಬುಡಕ್ಕೆ ಎಳೆದ ಡ್ರಿಪ್ ಪೈಪನ್ನು ಅಳಿಲುಗಳು ಕಡಿದು ನೀರು ಕುಡಿಯುತ್ತವಂತೆ. ‘ಭಾವ, ನಾನು ಸಾವಿರ ಅಡಿಯಿಂದ ಎತ್ತಿದ ನೀರು, ಅದು ಹಲ್ಲಲ್ಲಿ ತೆಗೀತದೆ’ ಎನ್ನುತ್ತಾನೆ. ಈಗ ಬುಡದಲ್ಲಿ ಅಳಿಲಿಗೆಂದೇ ಕರಟದಲ್ಲಿ ನೀರಿಡುತ್ತಾನೆ. ಹೊಳಲ್ಕೆರೆ ಕಡೆಯ ನಮ್ಮ ನೆಂಟರ ಅಂಗಳದಲ್ಲಂತೂ ತಮ್ಮ ಬಂಧುವೊಬ್ಬರು ಸಿಮೆಂಟಿನ ಕಂಬಕ್ಕೆ ಒರಗಿ ಮೂರು ವರ್ಷದಿಂದ ನಿಂತಿದ್ದಾರೆ. ತಲೆಯೊಂದಕ್ಕೆ ದಿನಕ್ಕೆ 55 ಲೀಟರಿನ ಲೆಕ್ಕದಲ್ಲಿ ನೀರು ಕೊಡಲೆಂದು ಬಂದವರು. ಸದ್ಯಕ್ಕೆ ಅವರಿಗೆ ಒಂದು ಎಮ್ಮೆಗರುವನ್ನು ಕಟ್ಟಿದ್ದಾರೆ. ಗಟ್ಟಿಯಾಗಿ ನಿಂತಿದ್ದಾರೆ, ಕರು ಕಿತ್ತುಕೊಂಡು ಹೋಗಿಲ್ಲ.

ಇನ್ನು ಹೇಳಲು ನಾಚಿಕೆಯಾಗುವ ಒಂದು ಮಾತಿದೆ. ಎರಡು ಬೇಸಿಗೆಯ ಹಿಂದೆ ನಾನೂ ಎಲ್ಲರಂತೆ ತಮ್ಮ ಬಾಯಿಗೇ ಮೋಟರು ಕಟ್ಟಿ ಎಳೆದೆ. ತಗ್ಗಿನವರು ಎಳೆಯುತ್ತಿದ್ದರು, ಏರಿನವನು ನಾನು ಸುಮ್ಮನೆ ನೋಡುತ್ತಾ ಕೂರಲೇ ಎಂದು ಹಟ. ಹದಿನೈದು ನಿಮಿಷ ಚೆನ್ನಾಗಿಯೇ ಬಂತು. ಆಮೇಲೆ ಬಂದ ನೀರಿಗೆ ಬಣ್ಣವಿತ್ತು, ವಾಸನೆಯಿತ್ತು. ಪೈಪಿನಲ್ಲಿ ಒಳಗಿನಿಂದ ಹೊರಕ್ಕೆ ಒತ್ತುವ ನೀರು ಇರುವವರೆಗೆ ಬಿರುಕಿನಿಂದ ನೀರು ಹೊರಗೆ ಹೋಗುತ್ತದೆ, ನಷ್ಟ ಅಷ್ಟೇ. ಒಳಗೆ ಬರಿದಾದಾಗ, ಅದರ ಮೇಲೆ ಯಾರೋ ಮೋಟರಿನಿಂದ ಹೀರಿದಾಗ, ಅದೇ ಬಿರುಕಿನಿಂದ ಪಕ್ಕದ ಚರಂಡಿಯದು ಒಳಗೆ ಬರುತ್ತದೆ. ಪೈಪನ್ನು ಕಾಯುವುದು ಗೋಣಿಚೀಲವಲ್ಲ, ಬಣ್ಣವಲ್ಲ, ಅದರೊಳಗೆ ಸದಾ ಇರಬೇಕಾದ ನೀರು. ನಾನು ಮೋಟರು ಬಿಚ್ಚಿಟ್ಟೆ. ಮೂರು ದಿನ ಮನೆಯಲ್ಲಿ ಎಲ್ಲರಿಗೂ ಹೊಟ್ಟೆ ಕೆಟ್ಟಿತ್ತು, ಪುಣ್ಯಕ್ಕೆ ಅಷ್ಟಕ್ಕೇ ಮುಗಿಯಿತು. ನಮ್ಮದೇ ಊರಿನ ಕವಾಡಿಗರಹಟ್ಟಿಯಲ್ಲಿ ಅಷ್ಟಕ್ಕೆ ಮುಗಿಯಲಿಲ್ಲ. 2023ರ ಆಗಸ್ಟಿನಲ್ಲಿ ಅಲ್ಲಿ ಕಲುಷಿತ ನೀರು ಕುಡಿದು ಜನ ಆಸ್ಪತ್ರೆ ಸೇರಿದರು, ಜೀವಗಳು ಹೋದವು. ಅಲ್ಲಿ ಏನೇನು ನಡೆಯಿತೆಂಬ ವಿಚಾರಣೆ ಈ ಕಾಗದದ್ದಲ್ಲ. ನಲ್ಲಿ ತಿರುಗಿಸಿ ಲೋಟ ಹಿಡಿದವರು ಅವರು, ಅಷ್ಟೇ. ಈ ಒಂದು ಮಾತಿಗೆ ನಾನು ತಮ್ಮೆದುರು ಕೈಮುಗಿಯಲಾರೆ.

ಕಾಗದದ ಗೌರವಕ್ಕೆ ಭಂಗ ಬಂತು, ಕ್ಷಮಿಸಬೇಕು.

ತಾವು ಬರಿದಾಗಿರುವುದಕ್ಕೆ ನೀರಿಲ್ಲದ್ದು ಕಾರಣ ಎಂದು ಯಾರಾದರೂ ಹೇಳಿದರೆ ನಾನು ನಂಬುತ್ತಿದ್ದೆ, 2022ರ ಸೆಪ್ಟೆಂಬರಿನವರೆಗೆ. ಆ ತಿಂಗಳು ಹಿರಿಯೂರು ತಾಲ್ಲೂಕಿನ ಮಾರಿಕಣಿವೆ ಕೋಡಿ ಬಿತ್ತು. ವೇದಾವತಿಗೆ ಅಡ್ಡಲಾಗಿ ಎರಡು ಗುಡ್ಡಗಳ ನಡುವೆ ಮೈಸೂರಿನ ಅರಸರು 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ ಅದು. 130 ಅಡಿ ತುಂಬಬೇಕು, ಮೂವತ್ತು ಟಿಎಂಸಿ ಹಿಡಿಯುತ್ತದೆ. ಹಿಂದೆ ಕೋಡಿ ಬಿದ್ದದ್ದು 1933ರಲ್ಲಿ. 89 ವರ್ಷದ ಮೇಲೆ ಅದು ತುಂಬಿ ಹರಿಯಿತೆಂದು ದುರ್ಗಕ್ಕೆ ದುರ್ಗವೇ ಬುತ್ತಿ ಕಟ್ಟಿಕೊಂಡು ನೋಡಲು ಹೋಯಿತು. ನಾವೂ ಹೋದೆವು. ಕಣಿವೆ ಮಾರಮ್ಮನಿಗೆ ಹಣ್ಣುಕಾಯಿ ಮಾಡಿಸಿ, ಕೋಡಿಯ ನೀರಿನ ಸದ್ದು ಕೇಳುತ್ತಾ ಚಿತ್ರಾನ್ನ ತಿಂದು, ಕಣ್ತುಂಬ ನೀರು ನೋಡಿಕೊಂಡು ಸಂಜೆ ಮನೆಗೆ ಬಂದು ಕಾಲು ತೊಳೆಯಲು ನಲ್ಲಿ ತಿರುಗಿಸಿದರೆ ತಾವು ಬುಸ್ ಎಂದಿರಿ. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಆ ಸಲ ನಾವು ಕಾಲು ತೊಳೆಯುವ ನೀರನ್ನು ಮೊದಲೇ ಬಕೆಟ್ಟಿನಲ್ಲಿ ಹಿಡಿದಿಟ್ಟು ಹೋಗಿದ್ದೆವು. ನಮ್ಮ ಊರಿಗೆ ಆ ಸಾಗರದಿಂದಲೂ ನೀರು ಬರುತ್ತದೆ, ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರದಿಂದಲೂ ಬರುತ್ತದೆ. ಒಂದು ಮನೆಗೆ ಎರಡು ಸಾಗರ. ಇದರ ಮೇಲೆ ಭದ್ರಾ ಮೇಲ್ದಂಡೆ ಯೋಜನೆ ಇದೆ. 2023-24ರ ಕೇಂದ್ರ ಬಜೆಟ್ಟಿನಲ್ಲಿ ಅದಕ್ಕೆ 5,300 ಕೋಟಿ ರೂಪಾಯಿ ಘೋಷಣೆಯಾದದ್ದನ್ನು ತಾವೂ ಕೇಳಿರಬೇಕು. ಘೋಷಣೆ ಹರಿಯುವುದಕ್ಕೆ ಪೈಪು ಬೇಕಿಲ್ಲವಾದ್ದರಿಂದ ಕೇಳದಿದ್ದರೂ ಅಡ್ಡಿಯಿಲ್ಲ.

ತಾವು ಹುಟ್ಟುವ ಮುಂಚೆ ಈ ಊರು ನೀರು ಕುಡಿದೇ ಇರಲಿಲ್ಲವೇ ಎಂದು ಬೇಸರವಾದಾಗ ಕೋಟೆ ಹತ್ತುತ್ತೇನೆ. ಬಂಡೆಯ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡಕ್ಕೆ, ಅದು ತುಂಬಿದರೆ ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ. ಒಂದು ತುಂಬಿದ ಮೇಲೆ ಇನ್ನೊಂದು. ಇಲ್ಲಿ ಏರಿನವರಿಗೆ ಮೊದಲು, ತಗ್ಗಿನವರಿಗೆ ಆಮೇಲೆ ಎಂಬುದನ್ನು ನಾನು ವಿಶೇಷವಾಗಿ ಗಮನಿಸಿದ್ದೇನೆ. ವಾಲ್ವಿಲ್ಲ, ವಾಷರಿಲ್ಲ, ಸಲ್ಯೂಷನ್ ಇಲ್ಲ.

ಆದರೂ ತಮ್ಮ ಪರವಾಗಿ ಒಂದು ಮಾತು ಹೇಳಬೇಕು, ನ್ಯಾಯ ನ್ಯಾಯವೇ. ಗಂಡ ಊಟಕ್ಕೆ ಕೂತ ಹೊತ್ತಿನಲ್ಲಿ ಓಬವ್ವ ನೀರು ತರಲು ಹೋದದ್ದರಿಂದ ತಾನೇ ಕಿಂಡಿಯಲ್ಲಿ ನುಸುಳುತ್ತಿದ್ದ ಹೈದರನ ಸೈನಿಕರು ಅವಳ ಕಣ್ಣಿಗೆ ಬಿದ್ದದ್ದು? ಅವಳ ಮನೆಯೊಳಗೆ ನಲ್ಲಿ ಇದ್ದಿದ್ದರೆ ಒನಕೆ ಮೂಲೆಯಲ್ಲಿಯೇ ಇರುತ್ತಿತ್ತು. ಇದನ್ನು ನನ್ನಾಕೆಗೆ ಹೇಳಿದೆ. ಅವಳು, ‘ನಲ್ಲಿ ಇದ್ದಿದ್ರೂ ಅವಳು ಹೊರಗೇ ಹೋಗ್ಬೇಕಿತ್ತು ಬಿಡ್ರೀ’ ಎಂದಳು. ಹಾಗೆ ನೋಡಿದರೆ ಈ ರಾತ್ರಿ ಎಲ್ಲ ಗುಂಡಿಗಳ ಪಕ್ಕದಲ್ಲೂ ಒಬ್ಬೊಬ್ಬರು ಎಚ್ಚರವಿದ್ದೇವೆ. ಯಾವ ದಂಡು ಬಂದರೂ ನಮ್ಮ ಬಡಾವಣೆಯನ್ನು ಹಿಡಿಯುವುದು ಕಷ್ಟ.

ತಮ್ಮಲ್ಲಿ ನನ್ನ ಬಿನ್ನಹ ಹೆಚ್ಚಿನದೇನಲ್ಲ. ಬರುವುದಿದ್ದರೆ ಹಗಲು ಬನ್ನಿ. ಎಂಟು ದಿನಕ್ಕೊಮ್ಮೆ ಎಂಟು ತಾಸು ಬರುವ ಬದಲು ದಿನಾ ಅರ್ಧ ತಾಸು ಬನ್ನಿ, ಲೆಕ್ಕದಲ್ಲಿ ತಮಗೇ ಲಾಭ, ಮೈಯೂ ಒಣಗುವುದಿಲ್ಲ. ಬರುವಾಗ ಚರಂಡಿಯವರನ್ನು ಜೊತೆಗೆ ಕರೆತರಬೇಡಿ, ನಮ್ಮ ಮನೆ ಚಿಕ್ಕದು. ತಮಗೆ ಬೇಕಾದ್ದನ್ನು ನಾನು ಮಾಡುತ್ತೇನೆ. ಈ ಬೇಸಿಗೆಗೆ ಮುಂಚೆ ಹೊಸ ಗೋಣಿ ಸುತ್ತಿಸಿ, ಉದ್ದನೆಯ ಓಟದ ನಡುವೆ ಹಿಗ್ಗಿ ಕುಗ್ಗಲು ಒಂದು ಬಳಸು ತಿರುವು ಕೊಡಿಸುತ್ತೇನೆ. ಮುಖ್ಯ ವಾಲ್ವು ಎಲ್ಲಿದೆಯೆಂದು ಮನೆಯವರಿಗೆಲ್ಲ ತೋರಿಸಿಟ್ಟಿದ್ದೇನೆ, ಅದು ಅಳಿಯನಿಂದ ಕಲಿತದ್ದು. ಟೆಕ್ಸಾಸಿನ ತಮ್ಮ ದಾಯಾದಿಗಳ ಹಾಗೆ ತಾವೂ ಒಂದೇ ಒಂದು ಸಲ ನೀರು ಹೆಚ್ಚಾಗಿ ಒಡೆದು ತೋರಿಸಿದರೆ, ರಿಪೇರಿ ಖರ್ಚನ್ನು ಬಾಯಿಮುಚ್ಚಿಕೊಂಡು ಕೊಡುತ್ತೇನೆ.

ಇಂತಿ ತಮ್ಮ ವಿಧೇಯ,
ಕೊನೆಯ ಅಡ್ಡರಸ್ತೆಯ ಮೇಷ್ಟರು

ವಿ.ಸೂ.: ಮೂರು ಗಂಟೆಯವರೆಗೆ ಕಾದೆ, ತಾವು ಬರಲಿಲ್ಲ. ಮಾಳಿಗೆಯ ಟ್ಯಾಂಕಿನ ತಳದಲ್ಲಿ ಉಳಿದಿದ್ದ ಒಂದಿಷ್ಟು ನೀರು ಬಚ್ಚಲ ಎಲ್ಬೋದಿಂದ ತೊಟ್ಟಿಕ್ಕುತ್ತಿತ್ತು. ನನ್ನಾಕೆ ಅದರ ಕೆಳಗೆ ಒಂದು ಚೊಂಬು ಇಟ್ಟು ಮಲಗಿದಳು. ಬೆಳಿಗ್ಗೆ ಏಳುವ ಹೊತ್ತಿಗೆ ಮುಕ್ಕಾಲು ತುಂಬಿತ್ತು, ತುಳಸಿಗೆ ಹಾಕಿದಳು.